ಏಡು ಅಂದರೆ ಏಳು

ನನ್ನ ನಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಈಗ ಇದನ್ನು ಸಲೀಸಾಗಿ ಬರೆಯುತ್ತಿದ್ದೇನೆ. ಆದರೆ ಎರಡು ವರ್ಷ ಈ ಸಂಗತಿಯನ್ನು ಮನೆಯ ಗುಟ್ಟಿನಂತೆ ಮುಚ್ಚಿಟ್ಟುಕೊಂಡು, ಹೈದರಾಬಾದಿನ ನಾಚಾರಂ ಕಡೆಯ ನಮ್ಮ ಕೆರೆಯ ದಂಡೆಯ ಮೇಲೆ ಅದರೊಂದಿಗೆ ದಿನಾ ಬೆಳಿಗ್ಗೆ ಅಡ್ಡಾಡಿದ್ದೇನೆ.

ಅದು ಅವ್ವನ ನಾಯಿ. ಅವ್ವ ತೀರಿಕೊಳ್ಳುವ ಹಿಂದಿನ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ತಂದಿದ್ದಳು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಹೆಸರಿಡೋಣ ಎಂದರೆ ಅವ್ವ, "ನಾಯಿಗಿ ಎಂಥಾ ಹೆಸರ, ಬಾರಲೇ ಮಗನ ಅಂದ್ರ ಬರ್ತೈತಿ" ಅಂದಳು. ಹಾಗೆಯೇ ಆಯಿತು. ಅದು 'ಬಾ' ಅಂದರೆ ಬರುತ್ತಿತ್ತು, 'ಕೂಡ್ರು' ಅಂದರೆ ಕೂರುತ್ತಿತ್ತು, 'ಬ್ಯಾಡ' ಅಂದರೆ ಬಾಯಲ್ಲಿದ್ದದ್ದನ್ನು ಉಗುಳುತ್ತಿತ್ತು. ಅವ್ವ ಹೋದ ಮೇಲೆ ನಾನು ಅದಕ್ಕೆ ಇಂಗ್ಲಿಷ್ ಕಲಿಸಲು ಹೋದೆ. 'ಸಿಟ್' ಅಂದರೆ ಆಕಾಶ ನೋಡುತ್ತಿತ್ತು. ಬಿಸ್ಕೀಟು ತೋರಿಸಿ 'ಕಮ್' ಅಂದರೆ ಬಿಸ್ಕೀಟಿನ ಕಡೆ ಬರುತ್ತಿತ್ತೇ ಹೊರತು ಆ ಪದದ ಕಡೆ ಅಲ್ಲ.

ಕಲಿಸಬೇಕಾದ ಗರಜು ಏನಿತ್ತು ಎಂದು ನೀವು ಕೇಳಬಹುದು. ಅದಕ್ಕೆ ಅವ್ವನ ಕಾನೂನನ್ನೇ ಹೇಳಬೇಕು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಪಠ್ಯಪುಸ್ತಕ ಕೊಳ್ಳಲು ಅವ್ವನ ಕೈ ಹಿಡಿದು ಕೋಠಿಯ ಪುಸ್ತಕದಂಗಡಿಗೆ ಹೋಗಿದ್ದೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು, ನಮ್ಮದು ಕಲಬುರಗಿ ಕಡೆಯಿಂದ ಅಜ್ಜನ ಕಾಲಕ್ಕೇ ಬಂದು ನೆಲೆಸಿದ ಮನೆತನ, ಆ ಹಮ್ಮು ಅವ್ವನಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಅಂಗಡಿಯ ಮುಂದೆ ಅವ್ವ ನನ್ನೊಂದಿಗೆ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಿದ್ದಳು. ಅಂಗಡಿಯವನು ತಲೆಯೆತ್ತಿ, "ಯಾವ ಸೈಟಿನ ಕೂಲಿಯವರಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಕೆಟ್ಟದಾಗಿ ಕೇಳಲಿಲ್ಲ, ಸುಮ್ಮನೆ ಕೇಳಿದ. ಊರಿನಲ್ಲಿ ಗೋಡೆ ಕಟ್ಟುವವರು, ಗುಂಡಿ ತೋಡುವವರು ಆಡುವ ಭಾಷೆ ಅದು ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ಅವ್ವ ಪುಸ್ತಕ ಕೊಳ್ಳದೆ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕಾನೂನು ಬಂತು: "ಇನ್ನ ಹೊಸ್ತಲ ದಾಟಿದ ಮ್ಯಾಲ ತೆಲುಗು, ಇಲ್ಲಂದ್ರ ಹಿಂದಿ. ಕನ್ನಡ ಮನ್ಯಾಗ."

ಈ ಕಾನೂನನ್ನು ಅವ್ವ ಮುಪ್ಪಿನಲ್ಲಿ ತಾನೇ ಮುರಿದಳು. ಕೊನೆಯ ವರ್ಷಗಳಲ್ಲಿ ಬಾಲ್ಕನಿಯಲ್ಲಿ ನಿಂತು ಕಾಗೆಗಳನ್ನೂ, ನಾಯಿ ಬಂದ ಮೇಲೆ ಅದನ್ನೂ ಕನ್ನಡದಲ್ಲೇ ಬೈಯುತ್ತಿದ್ದಳು. ನಾನು ಮಾತ್ರ ಅರವತ್ತು ದಾಟಿದರೂ ಆಜ್ಞಾಪಾಲಕಿಯಾಗಿಯೇ ಉಳಿದೆ. ಅದನ್ನು ಅವ್ವನ ಮೇಲೆ ಹಾಕುವುದು ಸುಲಭ. ನಿಜ ಹೇಳಬೇಕೆಂದರೆ, ಆ ಅಂಗಡಿಯವನ ಪ್ರಶ್ನೆ ಅವ್ವನಿಗಿಂತ ನನಗೇ ಹೆಚ್ಚು ನಾಟಿತ್ತು.

ಹಾಗಾಗಿ ಕೆರೆಯ ದಂಡೆಯಲ್ಲಿ ನಾಯಿ ಮಾತು ಕೇಳದಿದ್ದಾಗ ನಾನು ಬೂಟಿನ ಲೇಸು ಕಟ್ಟುವವಳಂತೆ ಬಗ್ಗಿ ಅದರ ಮಡಿಚಿದ ಕಿವಿಯಲ್ಲಿ ಕನ್ನಡ ಪಿಸುಗುಡುತ್ತಿದ್ದೆ. ನನ್ನ ಜೊತೆ ನಡೆಯುತ್ತಿದ್ದವಳು ಎದುರು ಫ್ಲಾಟಿನ ಗೆಳತಿ, ತೆಲುಗಿನವಳು, ನಿವೃತ್ತ ಶಾಲಾ ಶಿಕ್ಷಕಿ. ಹತ್ತು ವರ್ಷದ ಒಡನಾಟ. ನನ್ನ ತೆಲುಗು ಎಷ್ಟು ಶುದ್ಧವಾಗಿತ್ತೆಂದರೆ ನಾನೇ ಮೆಚ್ಚಿಕೊಳ್ಳುವಷ್ಟು. ಅವಳು ನನ್ನನ್ನು ತೆಲುಗಿನವಳೆಂದೇ ತಿಳಿದಿದ್ದಾಳೆ ಎಂದು ನಾನು ನಂಬಿದ್ದೆ. ನಿನ್ನ ಲೇಸು ಯಾಕೆ ಇಷ್ಟು ಸಲ ಬಿಚ್ಚಿಕೊಳ್ಳುತ್ತದೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ.

ಹೈದರಾಬಾದಿನವರಿಗೆ ಸಮುದ್ರವಿಲ್ಲದ ಕೊರಗು ಇದೆ. ನಾಲ್ಕು ಎಕರೆ ನೀರು ಕಂಡರೆ ಸಾಗರ ಎಂದು ಕರೆದುಬಿಡುತ್ತೇವೆ. ನಮ್ಮ ಕಾಲನಿಯ ವಾಕಿಂಗಿನವರು ಕೆರೆಯ ದಂಡೆಯನ್ನು 'ಬೀಚ್' ಅನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ಆಸೆಗೆ. ಚಳಿಗಾಲದಲ್ಲಿ ಆ ಹೆಸರು ಒಂದಿಷ್ಟು ಒಪ್ಪುತ್ತಲೂ ಇತ್ತು. ಮಂಜು ಇಳಿದಾಗ ಆಚೆ ದಡದ ಅಪಾರ್ಟ್‌ಮೆಂಟುಗಳು ಮಾಯವಾಗಿ ನೀರಿಗೆ ಕೊನೆಯೇ ಇಲ್ಲದಂತೆ ಕಾಣುತ್ತಿತ್ತು. ಎಳೆ ಬಿಸಿಲು ಬಂದು ಮಂಜು ಕರಗಿದರೆ ಅಂತರಗಂಗೆಯ ಹಸಿರು ಹಾಸು, ಪ್ಲಾಸ್ಟಿಕ್ ಬಾಟಲಿಗಳು, ಕಾರ್ಖಾನೆಗಳ ಕಡೆಯಿಂದ ಬರುವ ಔಷಧಿಯಂಥ ವಾಸನೆ. ಮಂಜಿರುವಾಗಲೇ ನಡೆದು ಮುಗಿಸಬೇಕು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಆ ಚಳಿಗಾಲದಲ್ಲಿ ದಂಡೆಗೆ ಕಲ್ಲು ಹೊಂದಿಸಿ ನಡೆಯುವ ದಾರಿ ಮಾಡುವ ಕೆಲಸ ಶುರುವಾಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ನೋಡಿದರೆ ದಂಡೆಯ ತಗ್ಗಿನಲ್ಲಿ ಏಳೆಂಟು ನೀಲಿ ತಾಡಪತ್ರಿಯ ಗುಡಿಸಲುಗಳು. ಹತ್ತಿರ ಹೋಗುತ್ತಲೇ ಕಿವಿಗೆ ಬಿತ್ತು: "ಏ, ಆ ಕಲ್ಲ ಇತ್ತಾಗ ಸರಸ." ನನ್ನ ಅಜ್ಜಿಯ ಕನ್ನಡ. ಯಾದಗಿರಿಯ ಆಚೆಯ ಹಳ್ಳಿಗಳವರು. ನಾಯಿ ಎರಡೂ ಕಿವಿ ನೆಟ್ಟಗೆ ಮಾಡಿತು, ಮಡಿಚಿದ್ದನ್ನೂ ಸೇರಿಸಿ. ಅಂದಿನಿಂದ ಅದಕ್ಕೆ ಅಲ್ಲಿ ಹಬ್ಬ. ಬೆಳಗಿನ ರೊಟ್ಟಿ ಬಡಿಯುವ ಸದ್ದಿಗೆ ಓಡಿಹೋಗಿ ಒಬ್ಬ ಹೆಂಗಸಿನ ಒಲೆಯ ಮುಂದೆ ಕೂರುತ್ತಿತ್ತು. ನಾನು ದೂರದಲ್ಲಿ ನಿಂತು ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಮಂಜು ನೋಡುವವಳಂತೆ ನಟಿಸುತ್ತಿದ್ದೆ. ಅವರ ಮಾತು ಕೇಳುತ್ತಾ ನಿಂತಿರುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅವ್ವ ಸತ್ತ ಮೇಲೆ ಮನೆಯಲ್ಲಿ ಆ ಮಾತು ಆಡುವವರು ಯಾರೂ ಉಳಿದಿರಲಿಲ್ಲ.

ಆ ಹೆಂಗಸಿಗೆ ಮೂವತ್ತರ ಒಳಗಿನ ವಯಸ್ಸು. ಊರು ಬಿಟ್ಟು ಬಂದದ್ದು ಅದೇ ಮೊದಲು ಎಂದು ಅವಳ ಮಾತಿನಿಂದಲೇ ತಿಳಿದಿದ್ದೆ. ಗಂಡ ಕಲ್ಲು ಒಡೆಯುತ್ತಿದ್ದ, ಇವಳು ಹೊರುತ್ತಿದ್ದಳು. ಡಿಸೆಂಬರಿನ ಕೊನೆಗೆ ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಬಂತು. ಹೊಲಕ್ಕೆ ಹೋಗಿ ಪೈರಿಗೆ ಎಡೆಯ ಚರಗ ಚೆಲ್ಲದೆ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ ಉಣ್ಣದೆ ಆ ಕಡೆಯವರಿಗೆ ಚಳಿಗಾಲ ಕಳೆಯುವುದಿಲ್ಲ. ಮೇಸ್ತ್ರಿಯೂ ಸೇರಿ ಗುಡಿಸಲುಗಳ ಎಲ್ಲರೂ ಊರಿಗೆ ಹೋದರು. ಇವರಿಬ್ಬರೇ ಉಳಿದರು. ಅವರೆಲ್ಲ ಹೊರಡುವ ಹಿಂದಿನ ದಿನ ಗಂಡನ ಕಣ್ಣಿಗೆ ಕಲ್ಲಿನ ಚಕ್ಕೆ ಸಿಡಿದಿತ್ತು.

ಅಂದು ಬುಧವಾರ. ನಾನೂ ಗೆಳತಿಯೂ ನಡೆಯುತ್ತಿದ್ದೆವು. ನಾಯಿ ಗುಡಿಸಲಿನ ಕಡೆ ಎಳೆಯತೊಡಗಿತು. ನಾನು ಬಗ್ಗಿ, ಲೇಸಿಗೆ ಕೈ ಹಾಕಿ, "ಕೂಡ್ರಲೇ ಮಗನ" ಎಂದು ಪಿಸುಗುಟ್ಟಿದೆ. ಎದ್ದು ನಿಂತರೆ ಆ ಹೆಂಗಸು ಎದುರಿಗೇ ಇದ್ದಳು. ಮಂಜಿನಲ್ಲಿ ಬಂದದ್ದು ಕಂಡಿರಲಿಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಟಿ. ಮುಖದಲ್ಲಿ ದೇವರೇ ಸಿಕ್ಕಷ್ಟು ಸಂತೋಷ.

"ಯವ್ವಾ, ಕನ್ನಡ ಬರ್ತೈತೇನ್ರಿ? ಸ್ವಲ್ಪ ಹೇಳ್ರಿ ನಮಗ. ಇವರ ಕಣ್ಣಿನ ಆಪರೇಷನ್‌ಗಿ ನಾಳಿ ಯಡ್ಡು ಗಂಟಿಗಿ ಕರಕೊಂಡ ಬರ್ರಿ ಅಂದಾರ. ಏನೂ ತಿನಿಸಬ್ಯಾಡ್ರಿ ಅಂತ ಬಾಯಿಗಿ ಕೈ ಹಚ್ಚಿ ತೋರ್ಸ್ಯಾರ. ಖರೆ ಗಂಟಿ ಹೇಳೂ ಮುಂದ 'ಪೊದ್ದುನ' ಅಂದ್ರು ನೋಡ್ರಿ. ಪೊದ್ದುನ ಅಂದ್ರ ಏನ್ರಿ? ಹೊತ್ತ ಇಳ್ಯೂದೇನ್ರಿ?"

ಇಲ್ಲಿ ನನ್ನ ಕಸುಬಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲಿನ ಕಾಲ. ರಾಯಚೂರು, ಯಾದಗಿರಿಯಿಂದ ಕರೆ ಬಂದರೆ ತೆಲುಗಿನ ಹುಡುಗಿಯರು ನಂಬರು ತಪ್ಪು ಕೇಳಿಸಿಕೊಳ್ಳುತ್ತಿದ್ದರು. ತಪ್ಪು ಯಾವಾಗಲೂ ಒಂದೇ. ತೆಲುಗಿನಲ್ಲಿ ಏಳಕ್ಕೆ 'ಏಡು' ಅನ್ನುತ್ತಾರೆ. ಆ ಕಡೆಯ ಹಳ್ಳಿಯವರು ಎರಡಕ್ಕೆ 'ಯಡ್ಡು' ಅನ್ನುತ್ತಾರೆ. ಹಳೆಯ ತಂತಿಯ ಗೊರಗೊರದಲ್ಲಿ ಎರಡೂ ಒಂದೇ. ಎರಡನೆಯ ನಂಬರಿನ ಮನೆಗೆ ಹೋಗಬೇಕಾದ ಸಾವಿನ ಸುದ್ದಿ ಏಳನೆಯ ನಂಬರಿನ ಮನೆಗೆ ಹೋದದ್ದೂ ಉಂಟು. ಕೊನೆಗೆ ಸೂಪರ್‌ವೈಸರು ಆ ಕಡೆಯ ಕರೆಗಳನ್ನೆಲ್ಲ ನನ್ನ ಬೋರ್ಡಿಗೇ ಹಾಕಿಸಿದರು. "ಏಳೋ, ಎರಡೋ? ವಾರದ ಏಳೋ, ಕಣ್ಣಿನ ಎರಡೋ?" ಎಂದು ಹೆಡ್‌ಫೋನಿನೊಳಗೆ ದಿನಕ್ಕೆ ನೂರು ಸಲ ಕೇಳುತ್ತಿದ್ದವಳು ನಾನು. ತಂತಿಯೊಳಗಿನ ಕನ್ನಡಕ್ಕೆ ಅವ್ವನ ಕಾನೂನು ತಾಗುತ್ತಿರಲಿಲ್ಲ. ಈ ಊರಿನಲ್ಲಿ ಆ ಒಂದು ತಪ್ಪನ್ನು ಕೇಳುತ್ತಲೇ ಹಿಡಿಯಬಲ್ಲವರು ಯಾರಾದರೂ ಇದ್ದರೆ ಅದು ನಾನು.

ಹಿಡಿದೆ. ಅವಳು ಮಾತು ಮುಗಿಸುವ ಮೊದಲೇ ಹಿಡಿದೆ. ಪೊದ್ದುನ ಅಂದರೆ ಬೆಳಿಗ್ಗೆ. ಬೆಳಿಗ್ಗೆ ಎರಡು ಗಂಟೆ ಇರುವುದಿಲ್ಲ. ಅವರು ಹೇಳಿದ್ದು ಪೊದ್ದುನ ಏಡು ಗಂಟಲಕು, ಬೆಳಿಗ್ಗೆ ಏಳು ಗಂಟೆಗೆ. ಇವಳು ಮಧ್ಯಾಹ್ನ ಎರಡಕ್ಕೆ ಹೋಗಲು ಕೂತಿದ್ದಾಳೆ.

ಗೆಳತಿ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕನ್ನಡ ರಾದಮ್ಮಾ," ಅಂದೆ. ಕನ್ನಡ ಬರುವುದಿಲ್ಲವಮ್ಮಾ.

ಅವಳಿಗೆ ತೆಲುಗು ಬರದಿದ್ದರೂ ಇಷ್ಟು ತಿಳಿಯಿತು. ಕಣ್ಣಿನಲ್ಲಿ ಸಿಟ್ಟು ಬರಲಿಲ್ಲ, ಗೊಂದಲ ಬಂತು. ತಾನೇ ತಪ್ಪು ಕೇಳಿಸಿಕೊಂಡೆ ಎನ್ನುವಂತೆ ತಲೆಯಾಡಿಸಿ, "ಹೋಗ್ಲಿ ಬಿಡ್ರಿ" ಅಂದಳು. ನಾಯಿ ಎದ್ದು ಅವಳ ಕಾಲನ್ನು ಮೂಸಿ ಹಾರಲು ನೋಡಿತು. ಅವಳು ಅಭ್ಯಾಸಬಲದಿಂದ, "ಕೂಡ್ರಪಾ, ಕೂಡ್ರು" ಅಂದಳು. ಅದು ಶಿಸ್ತಾಗಿ ಕೂತಿತು. ಗೆಳತಿ ನಕ್ಕಳು. "ಮೀ ಕುಕ್ಕಕಿ ವಾಳ್ಳ ಭಾಷ ವಚ್ಚು ಅನುಕುಂಟಾ" ಅಂದಳು. ನಿಮ್ಮ ನಾಯಿಗೆ ಅವರ ಭಾಷೆ ಬರುತ್ತದೆ ಅಂತ ಕಾಣುತ್ತೆ. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ.

ಮನೆಗೆ ಬಂದು ಉಪ್ಪಿಟ್ಟು ಮಾಡಿದೆ, ತಿಂದೆ. ನನ್ನಷ್ಟು ಚೆನ್ನಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವರು ಕಡಿಮೆ. ದಂಡೆಯ ಮೂಲೆಯ ಚಹದ ಅಂಗಡಿಯವನಾದರೂ ಅವಳಿಗೆ ಹೇಳುತ್ತಾನೆ. ಗಂಡನಿಗೆ ಒಂದಿಷ್ಟು ಹಿಂದಿಯಾದರೂ ಬರಬಹುದು. ಇನ್ನೂ ಒಂದು ದಿನ ಇದೆಯಲ್ಲ. ಸಂಜೆ ಗೆಳತಿ ಇರುವುದಿಲ್ಲ, ನಾನೊಬ್ಬಳೇ ಹೋಗಿ ಹೇಳಿ ಬಂದರಾಯಿತು. ಇದು ನ್ಯಾಯವಾದ ಉಪಾಯ ಅನಿಸಿ, ಮಧ್ಯಾಹ್ನ ಹಾಯಾಗಿ ಮಲಗಿದೆ ಕೂಡ.

ಸಂಜೆ ನಾಯಿಯನ್ನು ಹಿಡಿದುಕೊಂಡು ಹೊರಟೆ. ದಂಡೆಯ ಮೇಲೆ ನಮ್ಮ ಕಾಲನಿಯ ಹೆಂಗಸರ ಗುಂಪೊಂದು ಶಾಲು ಹೊದ್ದು ಕಲ್ಲುಬೆಂಚಿನಲ್ಲಿ ಕೂತಿತ್ತು, ಗುಡಿಸಲಿನ ನೇರ ಎದುರಿಗೆ. ಬಾ ಬಾ, ಬೀಚಿಗೆ ಸಂಜೆಯೂ ಬರಲು ಶುರು ಮಾಡಿದೆಯಾ ಎಂದು ಕರೆದರು. ಹೋಗಿ ಕೂತೆ. ಅರ್ಧ ಗಂಟೆ ಬದನೆಕಾಯಿಯ ಬೆಲೆ, ಸೊಸೆಯಂದಿರ ಸೋಮಾರಿತನ. ಅಲ್ಲಿಂದ ಮೂವತ್ತು ಹೆಜ್ಜೆಯ ಮೇಲೆ ಅವಳು ಒಲೆ ಹಚ್ಚುತ್ತಿದ್ದಳು. ಗಂಡ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಗ್ಗಿ ಕೂತಿದ್ದ. ಒಂದು ಮಾತು ಸಾಕಿತ್ತು. ಏಳು. ಅಷ್ಟೇ. ನಾಯಿ ಆ ಕಡೆಗೇ ಎಳೆಯುತ್ತಿತ್ತು, ನಾನು ಹಗ್ಗ ಬಿಗಿಹಿಡಿದು ಮನೆಯ ಕಡೆ ತಿರುಗಿದೆ. ಬೆಳಿಗ್ಗೆಯದು ಗಾಬರಿ ಎಂದು ಯಾರಾದರೂ ಕ್ಷಮಿಸಬಹುದು. ಈ ಸಂಜೆಯದು ಗಾಬರಿಯಲ್ಲ. ಯೋಚಿಸಿ, ನೋಡಿ, ಎದ್ದು ಬಂದದ್ದು.

ಗುರುವಾರ ಬೆಳಿಗ್ಗೆ ಆರಕ್ಕೇ ಹೋಗುವುದೆಂದು ನಿಶ್ಚಯಿಸಿದ್ದೆ. ಚಳಿ ಎಂದು ಹತ್ತು ನಿಮಿಷ, ಸ್ವೆಟರ್ ಸಿಗಲಿಲ್ಲ ಎಂದು ಹತ್ತು ನಿಮಿಷ. ಮನಸ್ಸಿಲ್ಲದ ಕೆಲಸಕ್ಕೆ ಸ್ವೆಟರ್ ಯಾವತ್ತೂ ಸಿಗುವುದಿಲ್ಲ. ದಂಡೆ ತಲುಪಿದಾಗ ಮಂಜು ದಟ್ಟವಾಗಿತ್ತು. ಯಾರೂ ಇರಲಿಲ್ಲ. ಹೋಗಿರಲಿ ದೇವರೇ, ಯಾರೋ ಹೇಳಿ ಇವರು ಹೋಗಿರಲಿ ಎಂದು ಬೇಡಿಕೊಳ್ಳುತ್ತಾ ನಡೆದೆ. ಗುಡಿಸಲಿನ ಮುಂದೆ ಅವಳು ತಲೆ ಬಾಚಿಕೊಳ್ಳುತ್ತಿದ್ದಳು, ನಿಧಾನವಾಗಿ, ಮಧ್ಯಾಹ್ನದವರೆಗೆ ಸಮಯವಿರುವವರ ಹಾಗೆ. ಒಗೆದ ಸೀರೆ ಹಗ್ಗದ ಮೇಲಿತ್ತು. ಗಂಡ ಖಾಲಿ ಹೊಟ್ಟೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ.

ನಾಯಿ ಹಗ್ಗ ಬಿಡಿಸಿಕೊಂಡು ಓಡಿತು. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ನಾಚಾರಂನಲ್ಲಿ ಏಳರ ಪಾಳಿಗೆ ಕೂಗುವ ಸೈರನ್, ನಾನು ದಿನಾ ಗಡಿಯಾರ ಸರಿಮಾಡಿಕೊಳ್ಳುವುದು ಅದಕ್ಕೇ. ಅದು ಮುಗಿದ ಮೇಲೆ ನಾನು ಕೂಗಿದೆ. ಪಿಸುಗುಟ್ಟಲಿಲ್ಲ, ನಿಜಕ್ಕೂ ಕೂಗಿದೆ.

"ಏಳಕ್ಕ! ಯಡ್ಡಕ್ಕಲ್ಲ, ಮುಂಜಾನಿ ಏಳಕ್ಕ ಬಾ ಅಂದಾರ! ಏಡು ಅಂದ್ರ ಏಳು! ಪೊದ್ದುನ ಅಂದ್ರ ಮುಂಜಾನಿ! ಏಳ್ರಿ, ಏಳ್ರಿ ಲಗೂ!"

ಬಾಚುತ್ತಿದ್ದ ಹಣಿಗೆ ಕೂದಲಿನಲ್ಲೇ ಉಳಿಯಿತು. ಅವಳು ನನ್ನನ್ನೇ ನೋಡಿದಳು. ಈಗ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳ ಮುಖ ಅರಳಿತು.

"ನಿಮಗ ಕನ್ನಡ ಬರ್ತೈತಲ್ರೀ ಯವ್ವಾ!" ಅಂದಳು.

ರಸ್ತೆಗೆ ಓಡಿ ಆಟೋ ನಿಲ್ಲಿಸಿದೆ. ಆಸ್ಪತ್ರೆಯ ಹೆಸರನ್ನು ತೆಲುಗಿನಲ್ಲಿ ಹೇಳಿ, ಕೋಠಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳಬೇಡ, ಒಳದಾರಿಯಿಂದ ಹೋಗು ಎಂದು ಗದರಿದೆ. ಗದರುವುದರಲ್ಲಿ ನಾನು ಹಿಂದೆ ಬೀಳುವವಳಲ್ಲ. ಅವಳು ಸರಿದು ಕೂತು ನನಗೆ ಜಾಗ ಮಾಡಿದಳು. ಬರ್ತೀರಲ್ಲ ಎಂದು ಕೇಳಲೂ ಇಲ್ಲ, ಬಂದೇ ಬರುತ್ತೇನೆ ಎಂದು ತಿಳಿದಿದ್ದಳು. ನಾನು ನಾಯಿಯನ್ನು ತೋರಿಸಿದೆ. "ನಾಯಿ ಐತೆಲ್ಲವಾ," ಅಂದೆ. ಆ ನಾಯಿ ಮೂರು ವರ್ಷದಲ್ಲಿ ನೂರು ಸಲ ಒಂಟಿಯಾಗಿ ಮನೆಯಲ್ಲಿ ಉಳಿದಿದೆ. ಆಟೋ ಮಂಜಿನಲ್ಲಿ ಹೋಯಿತು.

ಅವರು ತಲುಪುವ ಹೊತ್ತಿಗೆ ಅಂದಿನ ಸರದಿಯ ರೋಗಿಗಳನ್ನು ಒಳಗೆ ಕರೆದುಕೊಂಡಾಗಿತ್ತು. ಆಸ್ಪತ್ರೆಯವರದೇನೂ ತಪ್ಪಿಲ್ಲ, ಹೇಳಿದ ಹೊತ್ತಿಗೆ ಇವರು ಬರಲಿಲ್ಲ, ಇವರ ಜಾಗಕ್ಕೆ ಬೇರೆಯವರು ಹೋದರು. ಮದ್ದು ಹಾಕಿ, ಪಟ್ಟಿ ಬದಲಿಸಿ, ಸೋಮವಾರ ಬನ್ನಿ ಎಂದು ಕಳಿಸಿದ್ದರು. ಮಧ್ಯಾಹ್ನ ಗುಡಿಸಲಿಗೆ ಹೋದಾಗ ಅವಳು ಇದನ್ನೆಲ್ಲ ಹೇಳಿ, ಬೆರಳು ಮಡಚಿ ಕೇಳಿದಳು: "ಈಸಲ ಸರಿ ಕೇಳ್ಸಿಕೊಂಡೀನೇನ್ರಿ? ಸೋಮಾರ. ಮುಂಜಾನಿ ಏಡು. ಏಡು ಅಂದ್ರ ಏಳು. ಹೌದಲ್ರಿ?"

"ಹೌದವಾ," ಅಂದೆ.

ನಿನ್ನೆ ಯಾಕೆ ಕನ್ನಡ ಬರುವುದಿಲ್ಲ ಅಂದಿರಿ ಎಂದು ಅವಳು ಕೇಳಲಿಲ್ಲ. ನಾನೇ ಹೇಳಬೇಕೆಂದು ಬಾಯಿ ತೆರೆದೆ, "ನಿನ್ನಿ ನಾನು..." ಅಷ್ಟಕ್ಕೇ ನಿಂತಿತು. ಅವಳು ನಾಯಿಯ ತಲೆ ತಟ್ಟುತ್ತಾ ಅಂದಳು: "ಇರ್ಲಿ ಬಿಡ್ರಿ. ನಿಮಗ ಏನರ ತೊಂದ್ರಿ ಇರಬೇಕು ಅಂದ್ಕೊಂಡ್ನಿ. ಜೋಡಿ ಆ ಅಮ್ಮಾರಿದ್ರಲ್ಲ. ದೊಡ್ಡ ಮಂದಿಗಿ ಏನೇನೋ ಇರ್ತಾವ." ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ.

ಸೋಮವಾರ ನಾನೂ ಹೋದೆ. ನಾಯಿ ಮನೆಯಲ್ಲೇ ಉಳಿಯಿತು, ಏನೂ ಆಗಲಿಲ್ಲ. ಬೆಳಿಗ್ಗೆ ಆರೂವರೆಗೇ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಹತ್ತು ಗಂಟೆಗೆ ಡಾಕ್ಟರರು ಹೊರಗೆ ಬಂದರು. ಸಾವಧಾನದ ಮನುಷ್ಯ. ಚಕ್ಕೆಯ ಚೂರು ತೆಗೆದಿದ್ದೇವೆ, ಆದರೆ ಒಳಗೆ ಕೀವಾಗಿತ್ತು, ಆ ಕಣ್ಣಿಗೆ ಬೆಳಕು ಕತ್ತಲೆ ತಿಳಿಯಬಹುದು, ಅದಕ್ಕಿಂತ ಹೆಚ್ಚಿನದು ಕಷ್ಟ ಎಂದು ತೆಲುಗಿನಲ್ಲಿ ಹೇಳಿದರು. ನಾನು ಕೇಳಿದೆ, ಗುರುವಾರ ಸಮಯಕ್ಕೆ ಬಂದಿದ್ದರೆ? ಅವರು, ಅದನ್ನು ಈಗ ಹೇಳಲಾಗುವುದಿಲ್ಲವಮ್ಮಾ, ಉಳಿಯುತ್ತಿತ್ತೇನೋ, ಇಲ್ಲವೇನೋ ಅಂದರು.

"ಏನಂದ್ರಿ ಯವ್ವಾ?" ಎಂದು ಅವಳು ನನ್ನ ಕೈ ಹಿಡಿದಳು.

ಕೀವಿನದು ಹೇಳಿದೆ. ಬೆಳಕು ಕತ್ತಲೆಯದು ಹೇಳಿದೆ. ಒಂದೊಂದೇ ಮಾತು, ಎಕ್ಸ್‌ಚೇಂಜಿನಲ್ಲಿ ನಂಬರು ಹೇಳುವಷ್ಟು ಸ್ಪಷ್ಟವಾಗಿ. ನಾನು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಮಾತ್ರ ಹೇಳಲಿಲ್ಲ. ಮೂರನೆಯ ಸಲ ಬಾಯಿ ಮುಚ್ಚಿಕೊಂಡದ್ದು ಅದು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಒಂದರ ಉಳೀತಲ್ರಿ" ಅಂದಳು.

ಜನವರಿಯ ಮೊದಲಲ್ಲಿ ಊರಿಗೆ ಹೋಗಿದ್ದ ತಂಡ ತಿರುಗಿ ಬಂತು. ಕಲ್ಲಿನ ಸದ್ದು ಮತ್ತೆ ಶುರುವಾಯಿತು. ಕೆಲವು ದಿನ ನಾನು ಆ ಕಡೆ ಹೋಗಲಿಲ್ಲ, ಕಾಲುನೋವು ಎಂದು ಗೆಳತಿಗೆ ಹೇಳಿದೆ. ನಾಯಿ ಬಾಗಿಲ ಬಳಿ ಕೂತು ಗೋಳಾಡಿತು. ಕೊನೆಗೆ ಒಂದು ಬೆಳಿಗ್ಗೆ ಮೂವರೂ ಹೊರಟೆವು, ನಾನು, ಗೆಳತಿ, ನಾಯಿ. ಮಂಜು ತೆಳುವಾಗಿತ್ತು. ಹೊಸ ಕಲ್ಲಿನ ದಾರಿ ಅರ್ಧ ದಂಡೆಯವರೆಗೆ ಮುಗಿದಿತ್ತು.

ಅವಳು ನಮ್ಮನ್ನು ದೂರದಿಂದಲೇ ಕಂಡು ಗುಡಿಸಲಿನೊಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಊರಿನಿಂದ ಬಂದವರು ತಂದದ್ದಿರಬೇಕು. ಬಿಚ್ಚಿ ನೋಡದೆಯೇ ವಾಸನೆ ಹೇಳಿತು. ನನ್ನ ಮುಂದೆ ಬಂದು ನಿಂತು, ಗಂಟನ್ನು ನೀಡಿ, ಬಾಯಿಪಾಠ ಮಾಡಿಕೊಂಡವಳಂತೆ ಒಂದೊಂದೇ ಪದ ಹೇಳಿದಳು:

"ನಮಸ್ತೆ ಅಮ್ಮಾ. ತೀಸ್ಕೋಂಡಿ."

ತೆಗೆದುಕೊಳ್ಳಿ ಎಂದು, ತೆಲುಗಿನಲ್ಲಿ. ಯಾರ ಬಳಿ ಕಲಿತಿದ್ದಳೋ. ನನಗಾಗಿ ಕಲಿತಿದ್ದಳು, ನನ್ನ ಗೆಳತಿಯ ಮುಂದೆ ನನ್ನ ಮಾನ ಕಾಯಲು. ಹೇಳಿ, ಸರಿಯಾಯಿತೇ ಎನ್ನುವಂತೆ ನನ್ನ ಮುಖ ನೋಡಿದಳು. ಆಗಲಾದರೂ ನನ್ನ ಬಾಯಲ್ಲಿ ಕನ್ನಡ ಬರಬೇಕಿತ್ತು. "ಥ್ಯಾಂಕ್ಸ್ ಅಮ್ಮಾ" ಅಂದೆ. ಅವಳು ತಿರುಗಿ ಹೋದಳು. ನಾಯಿಯ ಪಕ್ಕ ಹಾಯುವಾಗ ಮಾತ್ರ ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿದಳು, ನನ್ನ ಹಾಗೆಯೇ, ಬೇರೆ ಯಾರಿಗೂ ಕೇಳದಂತೆ.

ನಾಲ್ಕು ಹೆಜ್ಜೆ ನಡೆದ ಮೇಲೆ ಗೆಳತಿ ತೆಲುಗಿನಲ್ಲಿ ಕೇಳಿದಳು, ಬದನೆಕಾಯಿಯ ಬೆಲೆ ಕೇಳುವಷ್ಟು ಸಹಜವಾಗಿ: "ನೀನು ಕನ್ನಡದವಳೇ ಅಲ್ಲವಾ, ಅವಳ ಜೊತೆ ತೆಲುಗು ಯಾಕೆ ಮಾತಾಡುತ್ತೀಯ? ಪಾಪ, ಎಷ್ಟು ಕಷ್ಟಪಟ್ಟು ಹೇಳಿದಳು."

ನಾನು ನಿಂತುಬಿಟ್ಟೆ. ನಿನಗೆ ಹೇಗೆ ಗೊತ್ತು ಎಂದೆ.

"ಹೇಗೆ ಗೊತ್ತು ಅಂದರೆ? ನಿಮ್ಮಮ್ಮ ಬಾಲ್ಕನಿಯಿಂದ ನಾಯಿಯನ್ನು ಕೂಗಿದರೆ ನಾಲ್ಕು ಬೀದಿಗೆ ಕೇಳಿಸುತ್ತಿತ್ತು. ಕಾಲನಿಗೆಲ್ಲ ಗೊತ್ತು. ಅದರಲ್ಲಿ ಗುಟ್ಟೇನಿದೆ?" ಎಂದು ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ನೀನು ಅವತ್ತು ಕನ್ನಡ ಬರುವುದಿಲ್ಲ ಎಂದು ಆಕೆಗೆ ಅಂದಾಗ, ಬೆಳಿಗ್ಗೆ ಬೆಳಿಗ್ಗೆ ಯಾರ ತಾಪತ್ರಯವೂ ಬೇಡ ಅಂತ ಹೇಳುತ್ತಿದ್ದೀಯೇನೋ ಅಂದುಕೊಂಡೆ ಎಂದೂ ಹೇಳಿದಳು.

ಕಾಪಾಡಿಕೊಳ್ಳಲು ಏನೂ ಇರಲಿಲ್ಲ. ಯಾರೂ ಕೇಳದ, ಯಾರಿಗೂ ಬೇಡದ ಗುಟ್ಟೊಂದಕ್ಕೆ ನಾನು ಇನ್ನೊಬ್ಬರ ಕಣ್ಣು ತೆತ್ತಿದ್ದೆ. ನಾಚಿಕೆ ಎಂಬ ಪದವನ್ನು ಜೀವಮಾನವಿಡೀ ಬಳಸಿದ್ದೆ, ಅದರ ಅರ್ಥ ಅಂದು ತಿಳಿಯಿತು. ಕನ್ನಡಕ್ಕೆ ನಾಚಿಕೊಂಡಿದ್ದಕ್ಕೆ ನಾಚಿಕೆ ಅಲ್ಲ, ಅದು ಚಿಕ್ಕದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಆಸ್ಪತ್ರೆಯಲ್ಲಿ ಒಂದು ಸಲ, ಗೊತ್ತಿದ್ದದ್ದನ್ನು ಗೊತ್ತಿಲ್ಲದವಳಂತೆ ನುಂಗಿಕೊಂಡದ್ದಕ್ಕೆ.

ಗೆಳತಿಯ ಕೈ ಹಿಡಿದು ತಿರುಗಿದೆ. ಗುಡಿಸಲಿನವರೆಗೆ ಹೋದೆ. ಅವಳು ಬುಟ್ಟಿಗೆ ಕಲ್ಲು ತುಂಬುತ್ತಿದ್ದಳು. ಆಚೆ ಅವಳ ಗಂಡ ತಲೆಯನ್ನು ಒಂದು ಕಡೆ ವಾಲಿಸಿ, ಉಳಿದ ಕಣ್ಣಿನಿಂದ ಅಳತೆ ನೋಡಿ, ಕಲ್ಲು ಹೊಂದಿಸುತ್ತಿದ್ದ. ದಂಡೆಯ ಮೇಲೆ ಕಾಲನಿಯವರು ನಾಲ್ಕೈದು ಜನ ಇದ್ದರು. ಎಲ್ಲರಿಗೂ ಕೇಳುವಂತೆ ಕೇಳಿದೆ:

"ಕಣ್ಣು ಹ್ಯಾಂಗೈತವಾ ಅವಂದು?"

ಅವಳು ಎದ್ದು ನಿಂತು ಮೊದಲು ನನ್ನ ಗೆಳತಿಯನ್ನು ನೋಡಿದಳು. ಆಮೇಲೆ ದಂಡೆಯ ಮೇಲಿದ್ದವರನ್ನು ನೋಡಿದಳು. ಮೈಮರೆತು ನನ್ನ ಬಾಯಿ ಜಾರಿತು ಅಂದುಕೊಂಡಳು. ತಟ್ಟನೆ ತಲೆಯ ಮೇಲೆ ಸೆರಗು ಹೊದ್ದು, ನನ್ನ ಪರವಾಗಿ ತಾನೇ ಜಾಗ್ರತೆ ವಹಿಸಿ, ಹೊಸದಾಗಿ ಕಲಿತ ಭಾಷೆಯಲ್ಲಿ ಉತ್ತರ ಕೊಟ್ಟಳು.

"ಬಾಗುಂದಮ್ಮಾ," ಅಂದಳು. ಚೆನ್ನಾಗಿದೆಯಮ್ಮಾ.